ಹುಳ ಅಂದರೆ ಯಾವ ಹುಳ?



ಊಟಕ್ಕೆ ಮುಂಚೆ ಹುಳದ ಮಾತೇ ಎಂದು ಕೆಲವರು ಮೂಗು ಮುರಿದದ್ದು ನನಗೆ ಕಂಡಿತು. ಆದರೂ ಪ್ರಾಣಿಶಾಸ್ತ್ರ ಓದಿದವಳಾಗಿ ನಾನು ಇದೇ ವಿಷಯ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಶಾಲೆಯಿಂದ ಹುಳದ ಮಾತ್ರೆಯ ಚೀಟಿ ಬಂದಾಗ, "ನಮ್ಮ ಮಗುವಿಗೆ ಬೇಡ, ನಾವು ಸಿಹಿ ಜಾಸ್ತಿ ಕೊಡುವುದಿಲ್ಲ" ಎನ್ನುವ ತಾಯಂದಿರು ನಮ್ಮ ರಬಾಳೆಯಲ್ಲೂ ಇದ್ದಾರೆ.

ಬೆಲ್ಲ ತಿಂದರೆ ಹೊಟ್ಟೆಯಲ್ಲಿ ಹುಳ ಹುಟ್ಟುವುದಿಲ್ಲ. ಹುಳ ಹುಟ್ಟುವುದು ಹುಳದ ಮೊಟ್ಟೆಯಿಂದಲೇ. ಆ ಮೊಟ್ಟೆ ಅಥವಾ ಮರಿ ನಮ್ಮೊಳಗೆ ಹೇಗೆ ಬಂತು ಎಂದು ತಿಳಿಯಬೇಕಾದರೆ ಯಾವ ಹುಳ ಎಂದು ಮೊದಲು ಗೊತ್ತಾಗಬೇಕು.

ನಾವು ಎಲ್ಲವನ್ನೂ 'ಹುಳ' ಎಂದುಬಿಡುತ್ತೇವೆ. 18ನೇ ಶತಮಾನದ ದೊಡ್ಡ ವಿಜ್ಞಾನಿ ಲಿನೇಯಸ್ ಕೂಡ ಹಾಗೇ ಮಾಡಿದ್ದ. ಹುಳಗಳ ಜೊತೆ ಬಸವನಹುಳುವನ್ನೂ ಒಂದೇ ಗುಂಪಿಗೆ ತುಂಬಿದ್ದ. ಈಗ ಅವು ಬೇರೆ ಬೇರೆ ವಂಶಗಳು. ಎರೆಹುಳುವಿನ ಮೈಯಲ್ಲಿ ಉಂಗುರಗಳಿವೆ, ರಕ್ತನಾಳಗಳಿವೆ. ಲಾಡಿಹುಳು ಚಪ್ಪಟೆ, ಅದಕ್ಕೆ ಬಾಯಿಯೂ ಇಲ್ಲ, ಕರುಳೂ ಇಲ್ಲ. ಮೂರನೆಯ ವಂಶವೇ ನೆಮಟೋಡ್, ಅಂದರೆ ದುಂಡುಹುಳುಗಳು. ಉಂಗುರವಿಲ್ಲದ ನುಣುಪು ಮೈ, ಎರಡೂ ತುದಿ ಚೂಪು, ಹೃದಯವಿಲ್ಲ, ಶ್ವಾಸಕೋಶವಿಲ್ಲ. ಬೆಳೆಯುವಾಗ ನಾಲ್ಕು ಸಲ ಪೊರೆ ಕಳಚುತ್ತವೆ. ಬಹುಪಾಲು ನೆಮಟೋಡ್‌ಗಳು ಮಣ್ಣಿನಲ್ಲಿ, ನೀರಿನಲ್ಲಿ ಕಣ್ಣಿಗೆ ಕಾಣದಂತೆ ತಮ್ಮ ಪಾಡಿಗೆ ಇರುತ್ತವೆ. ನಮ್ಮನ್ನು ಕಾಡುವವು ಕೆಲವೇ.

ಮಕ್ಕಳ ಹೊಟ್ಟೆಯ ದೊಡ್ಡ ಜಂತುಹುಳು ದಿನಕ್ಕೆ ಸುಮಾರು 2 ಲಕ್ಷ ಮೊಟ್ಟೆ ಇಡಬಲ್ಲದು. ಆ ಮೊಟ್ಟೆಗಳು ಕೆಲವು ವಾರ ಮಣ್ಣಿನಲ್ಲಿ ಬಲಿತು, ಸರಿಯಾಗಿ ತೊಳೆಯದ ಸೊಪ್ಪಿನ ಮೂಲಕ ನಮ್ಮ ತಟ್ಟೆಗೆ ಬರುತ್ತವೆ. ಹಾಗಾಗಿ ಸೊಪ್ಪನ್ನು ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಕೊಕ್ಕೆಹುಳುವಿನ ದಾರಿ ಬೇರೆ: ಅದರ ಮರಿ ಬರಿಗಾಲಿನ ಚರ್ಮ ತೂರಿ ಒಳಗೆ ಹೋಗುತ್ತದೆ, ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಮೊದಲೇ ರಕ್ತ ಕಡಿಮೆಯಿರುವ ನಮ್ಮ ಹೆಂಗಸರಿಗೆ ಇದು ಜಂತುಹುಳುವಿಗಿಂತ ಅಪಾಯ. ಅಲ್ಲಿ ಸೊಪ್ಪು ತೊಳೆದರೆ ಸಾಲದು, ಚಪ್ಪಲಿ ಬೇಕು, ಶೌಚಾಲಯ ಬೇಕು. ರಾತ್ರಿ ಮಗು ಹಿಂಭಾಗ ಕೆರೆದುಕೊಂಡು ಅಳುತ್ತಿದ್ದರೆ ಅದು ಪಿನ್‌ವರ್ಮ್ ಇರಬಹುದು. ಅದಕ್ಕೆ ಮಣ್ಣೇ ಬೇಡ. ಉಗುರು, ಹಾಸಿಗೆಯ ಬಟ್ಟೆ ಸಾಕು. ಮಗುವೊಂದಕ್ಕೇ ಔಷಧಿ ಕೊಟ್ಟರೆ ಮತ್ತೆ ಬರುತ್ತದೆ, ಮನೆಮಂದಿಯೆಲ್ಲ ತೆಗೆದುಕೊಳ್ಳಬೇಕಾಗುತ್ತದೆ.

ನಮ್ಮಲ್ಲಿ ವಿಜಯಪುರ, ಕಲಬುರಗಿ, ರಾಯಚೂರು ಕಡೆಯವರು ಬಹಳ ಜನ ಇದ್ದೀರಿ. ಮನೆಯ ಹಿರಿಯರನ್ನು 'ನಾರುಹುಣ್ಣು' ಎಂದರೇನು ಎಂದು ಕೇಳಿ ನೋಡಿ. ಕಾಲಿನಲ್ಲಿ ಬೊಬ್ಬೆ ಎದ್ದು, ಒಡೆದು, ಅದರೊಳಗಿಂದ ಎರಡು-ಮೂರು ಅಡಿ ಉದ್ದದ ಹುಳು ಹೊರಬರುತ್ತಿತ್ತು. ಸಣ್ಣ ಕಡ್ಡಿಗೆ ಸುತ್ತಿ ದಿನಕ್ಕೆ ಸ್ವಲ್ಪ ಸ್ವಲ್ಪವೇ ಎಳೆಯುತ್ತಿದ್ದರು; ತುಂಡಾದರೆ ಕಾಲು ಬಾತು ಕೀವು ತುಂಬುತ್ತಿತ್ತು. ಅದೂ ನೆಮಟೋಡೇ. ಗ್ರೀಕ್ ಭಾಷೆಯಲ್ಲಿ 'ನೆಮ' ಎಂದರೆ ನೂಲು, ನಮ್ಮವರು ನಾರು ಎಂದರು. ಪಂಡಿತರಿಗೂ ನಮ್ಮ ಹಳ್ಳಿಯವರಿಗೂ ಕಂಡದ್ದು ಒಂದೇ!

ಈ ಹುಳಕ್ಕೆ ಲಸಿಕೆಯಿಲ್ಲ, ಕೊಲ್ಲುವ ಮಾತ್ರೆಯೂ ಇಲ್ಲ. ಹುಣ್ಣಿನ ಕಾಲನ್ನು ಮೆಟ್ಟಿಲು ಬಾವಿಯ ನೀರಿಗೆ ಇಳಿಸಿದರೆ ಮರಿಗಳು ನೀರಿಗೆ ಬೀಳುತ್ತವೆ, ಅವನ್ನು ಸೈಕ್ಲಾಪ್ಸ್ ಎಂಬ ಚಿಕ್ಕ ಜೀವಿ ನುಂಗುತ್ತದೆ, ಆ ನೀರು ಕುಡಿದವರ ಕಾಲಲ್ಲಿ ಸುಮಾರು ವರ್ಷದ ನಂತರ ಹುಳು ಹೊರಬೀಳುತ್ತದೆ. ದಾರಿ ತಿಳಿದ ಮೇಲೆ ಉಪಾಯ ಸುಲಭವಾಯಿತು. ನೀರನ್ನು ಒತ್ತಾದ ಬಟ್ಟೆಯಲ್ಲಿ ಸೋಸಿದರೆ ಸೈಕ್ಲಾಪ್ಸ್ ಬಟ್ಟೆಯಲ್ಲೇ ಉಳಿಯುತ್ತದೆ. 1980ರ ದಶಕದಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಕೈಪಂಪುಗಳು ಬಂದವು, ಬಾವಿಗಳಿಗೆ ಔಷಧಿ ಬಿತ್ತು. ಆದರೆ ದಿನಾ ಕೊಡದ ಬಾಯಿಗೆ ಬಟ್ಟೆ ಕಟ್ಟಿ ನೀರು ಸೋಸಿದವರು ಹೆಂಗಸರು. ಭಾರತದ ಕೊನೆಯ ರೋಗಿ ಕಂಡದ್ದು 1996ರಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶವನ್ನು ನಾರುಹುಣ್ಣು ಮುಕ್ತವೆಂದು ಘೋಷಿಸಿತು. ಈ ಗೆಲುವಿಗೆ ನಾವು ಒಂದು ಹಳದಿ-ಕುಂಕುಮದ ಕಾರ್ಯಕ್ರಮವನ್ನಾದರೂ ಮಾಡಬೇಕಿತ್ತು ಅನಿಸುತ್ತದೆ ನನಗೆ.

ಇನ್ನು ಶಾಲೆಯ ಮಾತ್ರೆ. ಅದರ ಹೆಸರು ಆಲ್ಬೆಂಡಜೋಲ್. ಫೆಬ್ರವರಿ 10 ಮತ್ತು ಆಗಸ್ಟ್ 10 ರಾಷ್ಟ್ರೀಯ ಜಂತುಹುಳು ನಿವಾರಣಾ ದಿನಗಳು. 1ರಿಂದ 19 ವರ್ಷದವರಿಗೆ ಶಾಲೆ, ಅಂಗನವಾಡಿಗಳಲ್ಲಿ ಉಚಿತವಾಗಿ ಕೊಡುತ್ತಾರೆ. ಎರಡು ವರ್ಷದೊಳಗಿನವರಿಗೆ ಅರ್ಧ, ಉಳಿದವರಿಗೆ 400 ಮಿಲಿಗ್ರಾಂನ ಒಂದು. ದೊಡ್ಡ ಮಕ್ಕಳು ಚೀಪಿ, ಅಗಿದು ನುಂಗಬೇಕು; ಮೂರು ವರ್ಷದೊಳಗಿನವರಿಗೆ ಪುಡಿ ಮಾಡಿ ನೀರಿನಲ್ಲಿ ಕಲಸಿ ಕೊಡಬೇಕು. ಹೊಟ್ಟೆಯಲ್ಲಿ ಹುಳ ಹೆಚ್ಚಿರುವ ಮಗುವಿಗೆ ಸ್ವಲ್ಪ ಹೊಟ್ಟೆನೋವು, ವಾಕರಿಕೆ ಬರಬಹುದು, ಸಾಮಾನ್ಯವಾಗಿ ಬೇಗ ಹೋಗುತ್ತದೆ. ಜ್ವರವಿರುವ ಮಗುವಿಗೆ ಅಂದು ಬೇಡ. ಗರ್ಭಿಣಿಯರು ಮೊದಲ ಮೂರು ತಿಂಗಳು ತೆಗೆದುಕೊಳ್ಳಬಾರದು, ಆಮೇಲೂ ಡಾಕ್ಟರನ್ನು ಕೇಳಿಯೇ.

ಮನೆಗೆಲಸಕ್ಕೆ ಬರುವ ಬಾಯಿಯ ಮಕ್ಕಳು, ಕಟ್ಟಡದ ಕೆಲಸಕ್ಕೆ ಬಂದ ನಮ್ಮೂರಿನವರ ಮಕ್ಕಳು ಎಷ್ಟೋ ಸಲ ಶಾಲೆಯ ಪಟ್ಟಿಯಲ್ಲೇ ಇರುವುದಿಲ್ಲ. ಮುಂದಿನ ಸಲ ಚೀಟಿ ಬಂದಾಗ ಅವರನ್ನೂ ಹತ್ತಿರದ ಅಂಗನವಾಡಿಗೆ ಕರೆದುಕೊಂಡು ಹೋಗೋಣ. ಯಾರು ಯಾರು ಬರುತ್ತೀರಿ? ಊಟದ ಹೊತ್ತಿಗೆ ನನಗೆ ಹೆಸರು ಕೊಡಿ.