ಹಳಿ ಕಾಣದ ನಾಡಿನ ಉಗಿಬಂಡಿ

ಹುಬ್ಬಳ್ಳಿಯ ಗದಗ ರಸ್ತೆಯ ವಾಹನಗಳ ಗದ್ದಲದಲ್ಲಿ ಉಗಿಬಂಡಿಯ ಕಾಲದ ಕಿರುಹಳಿಯ ಎಂಜಿನ್ನು ಫಕ್ಕನೆ ಎದುರಾದಾಗ, ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಕಡೆಯವರಿಗೆ ಆಗುವ ಬೆರಗೇ ಬೇರೆ. ಈ ನಾಲ್ಕು ಊರುಗಳಿಗೆ ಉಗಿಬಂಡಿ ಬರಲೇ ಇಲ್ಲ. ಕಲ್ಲಿದ್ದಲು ತಿಂದು ಏದುಸಿರು ಬಿಡುವ ಆ ಪ್ರಾಣಿಯನ್ನು ನೋಡಲು ಧಾರವಾಡಕ್ಕೋ ಬೆಳಗಾವಿಗೋ ಹೋಗಬೇಕಿತ್ತು.

2020ರಲ್ಲಿ ತೆರೆದ ಈ ರೈಲ್ವೆ ವಸ್ತುಸಂಗ್ರಹಾಲಯದ ಎರಡು ಹಳೆಯ ಮನೆಗಳ ಹೆಸರು ಘಟಪ್ರಭಾ, ಮಲಪ್ರಭಾ. ಮಲಪ್ರಭೆಯೆಂದರೆ ಸವದತ್ತಿಯ ನವಿಲುತೀರ್ಥದಲ್ಲಿ ಬೆಟ್ಟ ಸೀಳಿ, ರಾಮದುರ್ಗದ ಮಗ್ಗುಲಲ್ಲಿ ಹರಿಯುವ ನಮ್ಮ ಹೊಳೆ! ರೈಲ್ವೆಯವರಿಗೆ ಹೊಳೆಯ ಹೆಸರು ಹಿಡಿಸಿತು, ದಂಡೆಯ ಈ ಊರುಗಳು ಹಿಡಿಸಲಿಲ್ಲವೇನೋ. ಕೆಳಗೆ ಹೊಳೆಆಲೂರಿನ ಬಳಿ ಅದನ್ನು ದಾಟಿದ ಗದಗ–ಸೊಲ್ಲಾಪುರ ಹಳಿ ಇತ್ತ ಹೊರಳಲಿಲ್ಲ. ಧಾರವಾಡದಿಂದ ಕಿತ್ತೂರಿನ ಮೇಲೆ ಬೆಳಗಾವಿಗೆ ಹೊಸ ಹಳಿಯ ಯೋಜನೆಯೇನೋ ಇದೆ. ಬಂದರೂ ವಿದ್ಯುತ್ ರೈಲು ಬಂದೀತು. ಕಿತ್ತೂರಿನ ಕೋಟೆ ಉಗಿಯ ಕೂಗನ್ನು ಕೇಳಲೇ ಇಲ್ಲ.