ಸಂಕೇತಾಂಕದ ಹೊಣೆ



ಅಮೆರಿಕದ ಆಸ್ಪತ್ರೆಗಳಲ್ಲಿನ ರೋಗಿಗಳ ದಾಖಲೆಗಳನ್ನೋದಿ, ಒಂದೊಂದು ರೋಗಕ್ಕೂ ತಕ್ಕ ಸಂಕೇತಾಂಕವನ್ನು ಗೊತ್ತುಮಾಡುವ ಉದ್ಯೋಗವು ಇಂದು ಬೆಂಗಳೂರು, ಚೆನ್ನೈ, ಹೈದರಾಬಾದುಗಳಲ್ಲಿ ಬೆಳೆದಿದೆ. ಮೆಡಿಕಲ್ ಕೋಡಿಂಗ್ ಎಂಬ ಈ ವೃತ್ತಿಯನ್ನು ಕೈಗೊಳ್ಳಬಯಸುವ ನಮ್ಮ ತರುಣರಿಗೆ ಅದರಲ್ಲಿನ ಒಂದು ಸೂಕ್ಷ್ಮವನ್ನು ಅರಿಕೆಮಾಡಬೇಕೆಂದಿದ್ದೇನೆ.

ಅಫೀಮು, ಅದರಿಂದ ಹುಟ್ಟಿದ ಮಾರ್ಫಿನ್, ಹೆರಾಯಿನ್, ಅವುಗಳಂತೆಯೇ ನೋವನ್ನಡಗಿಸುವ ಕೃತಕ ಔಷಧಗಳು, ಇವೆಲ್ಲಕ್ಕೂ ಓಪಿಯಾಯ್ಡ್ ಎಂದು ಹೆಸರು. ಇವುಗಳಿಂದುಂಟಾಗುವ ವಿಕಾರಗಳಿಗೆ ಅಮೆರಿಕದ ಸಂಕೇತಪಟ್ಟಿಯಲ್ಲಿ ಎಫ್11 ಎಂಬ ವರ್ಗವಿದೆ. ಅದರಲ್ಲಿ ದುರ್ಬಳಕೆ ಬೇರೆ, ಅವಲಂಬನೆ ಬೇರೆ. ಒಬ್ಬನಲ್ಲಿ ಎರಡೂ ಇವೆಯೆಂದು ಬರೆದಿದ್ದರೆ ಅವಲಂಬನೆಯ ಸಂಕೇತವನ್ನು ಮಾತ್ರ ಹಾಕತಕ್ಕದ್ದು. ವ್ಯಸನದಿಂದ ಬಿಡಿಸಿಕೊಂಡು ನಿಂತ ಸ್ಥಿತಿಯೇ ಉಪಶಮನ. ಅವಲಂಬನೆಯ ಉಪಶಮನಕ್ಕೆ ಎಫ್11.21 ಇದ್ದಿತು, ದುರ್ಬಳಕೆಯ ಉಪಶಮನಕ್ಕಾದರೋ ಎಫ್11.11 ಎಂಬ ಪ್ರತ್ಯೇಕ ಸಂಕೇತವು 2017ರ ಅಕ್ಟೋಬರ್ 1ರಿಂದಲೇ ಬಳಕೆಗೆ ಬಂದಿತು.

ಉಪಶಮನವೆಂದರೆ ಎಷ್ಟು ಕಾಲ? ಅಮೆರಿಕದ ಮನೋವೈದ್ಯರು 2013ರಲ್ಲಿ ಹೊರತಂದ ಕೈಪಿಡಿಯಂತೆ, ಲಕ್ಷಣಗಳು ಮೂರು ತಿಂಗಳಾದರೂ ಕಾಣದಿದ್ದರೆ ಅದು ಆರಂಭದ ಉಪಶಮನ. ಹನ್ನೆರಡು ತಿಂಗಳು ತುಂಬಿದರೆ ಸ್ಥಿರ ಉಪಶಮನ. ಹಂಬಲ ಮಾತ್ರ ಉಳಿದಿದ್ದರೆ ಬಾಧಕವಿಲ್ಲ. ವೈದ್ಯನ ಸೂಚನೆಯಂತೆ ಮೆಥಡೋನ್ ಅಥವಾ ಬ್ಯುಪ್ರೆನಾರ್ಫಿನ್ ಸೇವಿಸುತ್ತಿರುವವನೂ ಉಪಶಮನ ಹೊಂದಿರಬಹುದು; ಔಷಧವನ್ನು ವ್ಯಸನವೆಂದು ಎಣಿಸಲಾಗದು.

ಆದರೆ ಈ ತಿಂಗಳುಗಳನ್ನೆಣಿಸಿ ತೀರ್ಮಾನಿಸುವ ಅಧಿಕಾರ ಸಂಕೇತಕಾರನಿಗಿಲ್ಲ. ಚಿಕಿತ್ಸೆ ಮಾಡಿದ ವೈದ್ಯನೇ ಉಪಶಮನವೆಂದು ಬರೆದಿರಬೇಕು. ‘ಹಿಂದೆ ಚಟವಿತ್ತು’ ಎಂದಷ್ಟೇ ಇದ್ದು ಅರ್ಥ ಸ್ಪಷ್ಟವಾಗದಿದ್ದರೆ, ಊಹಿಸದೆ ವೈದ್ಯನನ್ನೇ ಕೇಳತಕ್ಕದ್ದು.

ಇಷ್ಟು ನಿಷ್ಠುರತೆಯೇಕೆ ಎನ್ನುವಿರೋ? ಬಹುಕಾಲ ಬಿಟ್ಟವನ ದೇಹವು ಹಿಂದೆ ತಾಳುತ್ತಿದ್ದ ಪ್ರಮಾಣವನ್ನು ಈಗ ತಾಳಲಾರದು; ಅದೇ ಪ್ರಮಾಣದಿಂದ ಉಸಿರು ನಿಂತುಹೋದೀತು. ನಾಳೆ ಆತನಿಗೆ ಶಸ್ತ್ರಚಿಕಿತ್ಸೆ ಮಾಡುವ ವೈದ್ಯನಿಗೆ ಹಳೆಯ ಸಂಗತಿ ತಿಳಿಯದಿದ್ದರೆ ಅಪಾಯ. ಗೆದ್ದವನನ್ನು ಇನ್ನೂ ವ್ಯಸನಿಯೆಂದು ಬರೆದರೋ, ನಿಜವಾದ ನೋವಿನಲ್ಲಿ ನರಳುವಾಗಲೂ ಅವನ ಮಾತನ್ನು ಸಂದೇಹದಿಂದ ನೋಡುವವರುಂಟು. ಅಲ್ಲದೆ ಇಂಥ ಚಿಕಿತ್ಸಾಲಯಗಳ ದಾಖಲೆಗಳ ಗೋಪ್ಯತೆಗೆ ಆ ದೇಶದಲ್ಲಿ ಪ್ರತ್ಯೇಕ ಕಾನೂನೇ ಇದೆ; ಓದಿದುದನ್ನು ಹೊರಗೆ ಆಡುವುದು ಸಲ್ಲದು.

ಅನ್ಯಭಾಷೆಯ ಕಾಗದಪತ್ರಗಳಲ್ಲಿ ಹೆಸರಿನ ಒಂದಕ್ಷರ ತಪ್ಪಿದರೆ ಎಷ್ಟು ಕಚೇರಿಗಳನ್ನು ಅಲೆಯಬೇಕೆಂಬುದು ಗಡಿನಾಡಿನವರಾದ ನಮಗೆ ಗೊತ್ತು. ಎಫ್11.10 ಎಂಬುದಕ್ಕೂ ಎಫ್11.11 ಎಂಬುದಕ್ಕೂ ಇರುವ ಭೇದ ಒಂದೇ ಅಂಕೆ. ಆ ಅಂಕೆಯ ಹಿಂದೆ ಕಡಲಾಚೆ ಒಬ್ಬ ಮನುಷ್ಯನಿದ್ದಾನೆ. ಅವನು ಪ್ರಯಾಸದಿಂದ ಗಳಿಸಿದ ತಿಂಗಳುಗಳಿವೆ. ಈ ಕೆಲಸಕ್ಕೆ ಕೈಹಾಕುವವರು ಅದನ್ನರಿತು ಬರೆಯಲೆಂದು ಹಾರೈಸಿ, ನನ್ನ ಮಾತನ್ನು ಮುಗಿಸುತ್ತೇನೆ.