ಜಾಗ ಕೊಳ್ಳುವ ಮುಂಚೆ ಮಣ್ಣನ್ನು ಕೇಳಿ

(ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಬೆಂಗಳೂರು, ಮುಂಬಯಿ, ದುಬೈಗಳಿಂದ ಬಂದವರು ಬೆಳಿಗ್ಗೆಯಿಂದ ನನ್ನನ್ನು ಕೇಳಿದ ಪ್ರಶ್ನೆ ಒಂದೇ: "ಊರಲ್ಲಿ ಹತ್ತು ಸೆಂಟ್ಸ್ ಜಾಗ ಸಿಕ್ಕೀತಾ?" ಸಿಗುತ್ತದೆ. ಆದರೆ ಅದು ಎಂಥ ಜಾಗ ಎಂದು ಕೇಳುವವರು ಕಡಿಮೆ. ಪಹಣಿ ನೋಡುತ್ತೇವೆ, ನಕ್ಷೆ ನೋಡುತ್ತೇವೆ, ವಕೀಲರಿಗೆ ತೋರಿಸುತ್ತೇವೆ. ಮಣ್ಣನ್ನು ಮಾತ್ರ ಮನೆ ಕಟ್ಟಿದ ಮೇಲೆ ನೋಡುತ್ತೇವೆ.

ನಮ್ಮ ಮನೆಯಲ್ಲೇ ಹೀಗಾಯಿತು. ತಮ್ಮ ಏಪ್ರಿಲ್ ತಿಂಗಳಲ್ಲಿ ಒಂದು ಜಾಗ ನೋಡಿದ. ಕೆಂಪುಮಣ್ಣಿನ ಸಮತಟ್ಟು ನೆಲ, ರಸ್ತೆಗೆ ತಾಗಿಕೊಂಡಿತ್ತು. ಆ ಕೆಂಪುಮಣ್ಣು ಲಾರಿಯಲ್ಲಿ ಬಂದದ್ದು, ಅಡಿಯಲ್ಲಿರುವುದು ಬೈಲುಗದ್ದೆ ಎಂಬುದು ನೆರೆಮನೆಯ ಅಜ್ಜಿಗೆ ಗೊತ್ತಿತ್ತು. ನಾವು ಕೇಳಲಿಲ್ಲ. ಎರಡನೇ ಮಳೆಗಾಲಕ್ಕೆ ಅಡುಗೆಮನೆಯ ಗೋಡೆ ಬಿರುಕು ಬಿಟ್ಟಿತು. ಅದಕ್ಕಿಂತ ಬೇಸರದ ಸಂಗತಿಯೆಂದರೆ, ಗದ್ದೆಯಲ್ಲಿ ನಿಲ್ಲಬೇಕಿದ್ದ ನೀರು ಆ ಅಜ್ಜಿಯ ಅಂಗಳಕ್ಕೆ ನುಗ್ಗಿತು. ಗೋಡೆಯನ್ನು ರಿಪೇರಿ ಮಾಡಿಸಿದೆವು. ಅಜ್ಜಿಯ ಮುಖ ನೋಡುವುದು ಇಂದಿಗೂ ಕಷ್ಟ.

ನಮ್ಮ ಹಿರಿಯರು ನೆಲಕ್ಕೆ ಮೂರು ಹೆಸರು ಇಟ್ಟಿದ್ದರು. ಮೇಲಿನದು ಬೆಟ್ಟು, ನಡುವಿನದು ಮಜಲು, ತಗ್ಗಿನದು ಬೈಲು. ಬೆಟ್ಟಿನಲ್ಲಿ ನೀರು ಬೇಗ ಇಳಿಯುತ್ತದೆ, ಬೈಲಿನಲ್ಲಿ ನಿಲ್ಲುತ್ತದೆ. ಅದಕ್ಕೇ ಹಳೆಯ ಮನೆಗಳು ಗದ್ದೆಯ ಅಂಚಿನ ಎತ್ತರದಲ್ಲಿವೆ, ಬೈಲಿನ ನಡುವೆ ಇಲ್ಲ. ಊರಿನ ಹೆಸರುಗಳೂ ಮಣ್ಣಿನ ವರದಿಯೇ. ಕುದ್ರು ಎಂದರೆ ಹೊಳೆಯ ನಡುವಿನ ನೆಲ. ಉಪ್ಪಿನಕುದ್ರುವಿನ ಹೆಸರಲ್ಲೇ ಉಪ್ಪಿದೆ. ಮನೆಹೆಸರಿನಲ್ಲಿ ಬೈಲು, ಹೊಯಿಗೆ, ಪಾರೆ ಎಂದು ಬಂದರೆ ಒಮ್ಮೆ ನಿಂತು ಯೋಚಿಸಿ.

ಇನ್ನು ನಮ್ಮ ಮುರಕಲ್ಲು. ಬುಕಾನನ್ ಎಂಬ ಇಂಗ್ಲಿಷ್ ಕಂಪೆನಿಯ ವೈದ್ಯ ಕೇರಳದ ಅಂಗಾಡಿಪುರದಲ್ಲಿ ಇದನ್ನು ಕಂಡು, 1807ರಲ್ಲಿ ಪ್ರಕಟವಾದ ಪ್ರವಾಸ ವರದಿಯಲ್ಲಿ ಲ್ಯಾಟರೈಟ್ ಎಂದು ಕರೆದ. ಲ್ಯಾಟಿನ್ ಭಾಷೆಯಲ್ಲಿ ಅದರ ಮೂಲ ಪದಕ್ಕೆ ಇಟ್ಟಿಗೆ ಎಂದೇ ಅರ್ಥ. ಕಡಿಯುವಾಗ ಮೆದು, ಗಾಳಿ ತಾಗಿದಂತೆ ಗಟ್ಟಿ. ಆದರೆ ಅನೇಕ ಕಡೆ ಈ ಗಟ್ಟಿ ಪದರದ ಕೆಳಗೆ ಶೇಡಿ ಮಣ್ಣು ಇರುತ್ತದೆ. ಬಿಳಿ, ಹಳದಿ, ನಸುಗೆಂಪು ಬಣ್ಣದ್ದು. ಒಣಗಿದಾಗ ಗಟ್ಟಿ, ನೆನೆದರೆ ಬಲವೇ ಇಲ್ಲ. ಗುಡ್ಡದ ಬುಡ ಕಡಿದು ಸೈಟ್ ಮಾಡಿದರೆ ಈ ಶೇಡಿ ಹೊರಬೀಳುತ್ತದೆ, ಮಳೆಗೆ ಜರಿಯುತ್ತದೆ. ಹೆದ್ದಾರಿಗಾಗಿ ಗುಡ್ಡ ಕಡಿದ ಮೇಲೆ ಬೈಂದೂರಿನ ಒತ್ತಿನೆಣೆಯಲ್ಲಿ ಮಣ್ಣು ಜರಿದದ್ದು ನಿಮಗೆಲ್ಲ ನೆನಪಿರಬಹುದು. ನೆಟ್ಟಗೆ ಕಡಿದ ಗುಡ್ಡದ ಕೆಳಗೆ ಮನೆ ಕಟ್ಟಬೇಡಿ, ಅಂಚಿನ ಮೇಲೂ ಬೇಡ.

ಕಡಲ ಬದಿಯ ಹೊಯಿಗೆ ನೆಲದಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಆಸೆಪಟ್ಟು ಆಳಕ್ಕೆ ಕೊರೆದು ಪಂಪು ಹಾಕಿದರೆ ಉಪ್ಪು ಮೇಲೆ ಬರುತ್ತದೆ, ನೆರೆಯವರ ಬಾವಿಯೂ ಕೆಡುತ್ತದೆ. ಅಲ್ಲಿ ಆಳವಿಲ್ಲದ ತೆರೆದ ಬಾವಿಯೇ ಸರಿ.

ತೋಟ ಮಾಡುವವರಿಗೆ ಒಂದು ಮಾತು. ನಮ್ಮಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಅದು ಮಣ್ಣಿನ ಸುಣ್ಣದಂಶವನ್ನು ತೊಳೆದುಕೊಂಡು ಹೋಗುತ್ತದೆ, ಮಣ್ಣು ಹುಳಿಯಾಗುತ್ತದೆ. ಆಗ ಎಷ್ಟು ಗೊಬ್ಬರ ಸುರಿದರೂ ಗಿಡಕ್ಕೆ ಪೂರ್ತಿ ದಕ್ಕುವುದಿಲ್ಲ. ಎಂಟು ಹತ್ತು ಕಡೆ ಅರ್ಧ ಅಡಿ ಆಳದ ಮಣ್ಣು ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕಿಲೋ ಪರೀಕ್ಷೆಗೆ ಕೊಡಿ. ತೆಂಗು, ಅಡಿಕೆಗಾದರೆ ಇನ್ನೂ ಆಳದ ಮಣ್ಣೂ ಬೇಕು. ಸುಣ್ಣ ಎಷ್ಟು ಹಾಕಬೇಕೆಂಬುದು ಆ ವರದಿಯಿಂದ ತಿಳಿಯುತ್ತದೆ. ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದವರಲ್ಲಿ ವಿಚಾರಿಸಿ.

ಜಾಗ ಕೊಳ್ಳುವವರು ಮಾಡಬೇಕಾದ ನಾಲ್ಕು ಕೆಲಸ ಹೇಳಿ ಮುಗಿಸುತ್ತೇನೆ. ಜುಲೈ ತಿಂಗಳ ಜಡಿಮಳೆಯಲ್ಲಿ ಒಮ್ಮೆ, ಏಪ್ರಿಲ್ ಬಿಸಿಲಲ್ಲಿ ಒಮ್ಮೆ ಜಾಗ ನೋಡಿ. ನೆರೆಮನೆಯ ಬಾವಿಗೆ ಬಗ್ಗಿ ನೋಡಿ. ಅದರ ಗೋಡೆಯಲ್ಲಿ ಮುರ ಎಲ್ಲಿ ಮುಗಿಯಿತು, ಶೇಡಿ ಎಲ್ಲಿ ಶುರುವಾಯಿತು ಎಂಬುದು ಕಾಣಬಹುದು. ಒಂದೆರಡು ಕಡೆ ಆಳು ಎತ್ತರದ ಗುಂಡಿ ತೆಗೆಸಿ; ತುಂಬಿಸಿದ ಮಣ್ಣು ಯಾವುದು, ಮೂಲ ನೆಲ ಯಾವುದು ಗೊತ್ತಾಗುತ್ತದೆ. ಕೊನೆಯದಾಗಿ, ಆ ಬೀದಿಯ ಅತಿ ಹಿರಿಯರ ಜಗಲಿಯಲ್ಲಿ ಕುಳಿತು, "ಇಲ್ಲಿ ಮೊದಲು ಏನಿತ್ತು, ಮಳೆನೀರು ಯಾವ ದಾರಿಯಲ್ಲಿ ಹೋಗುತ್ತಿತ್ತು?" ಎಂದು ಕೇಳಿ.

ಗುಂಡಿಗೆ ಅರ್ಧ ದಿನದ ಕೂಲಿ, ಜಗಲಿಯ ಮಾತಿಗೆ ಒಂದು ಲೋಟ ಚಾ. ಇಷ್ಟು ಖರ್ಚು ಮಾಡಿದ್ದರೆ ನಮ್ಮ ಮನೆಯ ಗೋಡೆಯೂ ಉಳಿಯುತ್ತಿತ್ತು, ನೆರೆಯವರ ಅಂಗಳವೂ ಉಳಿಯುತ್ತಿತ್ತು. ಊರಿಗೆ ಮರಳಿ ಬನ್ನಿ, ಮನೆ ಕಟ್ಟಿ. ನೀರಿನ ದಾರಿಯನ್ನು ನೀರಿಗೇ ಬಿಟ್ಟು ಕಟ್ಟಿ.